ಭಾವನ ಹೆಸರಿನ ಬ್ರೆಡ್ಡು

ನಮ್ಮ ಭಾವನವರದು ಕರೆಂಟ್ ಮೀಟರ್ ಓದುವ ಕೆಲಸ. ದಿನಕ್ಕೆ ಎಂಬತ್ತು ಮನೆ ಸುತ್ತುತ್ತಾರೆ. ಮೀಟರ್ ಹೊರಗಿದ್ದರೂ ಅವರ ಮೂಗು ಅಡುಗೆಮನೆಯೊಳಗೇ. ಯಾರ ಮನೆಯಲ್ಲಿ ಏನು ತಪ್ಪು ಅಂತ ಸಂಜೆ ನಮಗೆ ವರದಿ. ಅಕ್ಕ ಪಾತ್ರೆ ಒರೆಸುತ್ತಾ ‘ಹೂಂ’ ಅನ್ನುತ್ತಾಳೆ. ಅವರ ಮನೆಯ ಮಹಡಿ ಕೋಣೆಯಲ್ಲಿ ವಾಸವಿರುವ ತಪ್ಪಿಗೆ ನಾನೂ ಕೇಳಬೇಕು.

ಒಂದು ದಿನ ಯಾರದೋ ಮನೆಯಲ್ಲಿ ಗೋಧಿ ಬ್ರೆಡ್ ಬೇಯುವುದನ್ನು ನೋಡಿ ಬಂದರು. ಮಕ್ಕಳ ಮುಂದಿದ್ದ ಅಂಗಡಿ ಬ್ರೆಡ್ಡಿನ ತಟ್ಟೆ ಎಳೆದುಕೊಂಡು, “ಇದು ಬ್ರೆಡ್ಡಲ್ಲ, ಹತ್ತಿ. ಭಾನುವಾರದಿಂದ ಈ ಮನೆಗೆ ನಾನೇ ಬ್ರೆಡ್ ಮಾಡ್ತೀನಿ” ಅಂದರು. ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಒಲೆ ಹಚ್ಚಿ ಗೊತ್ತಿಲ್ಲದ ಮನುಷ್ಯ. ಓವನ್ ಬಂತು, ಏಪ್ರನ್ ಬಂತು, ಅದನ್ನು ತೊಟ್ಟ ಫೋಟೊ ಆಫೀಸಿನವರಿಗೆಲ್ಲ ಹೋಯಿತು. ಹಿಟ್ಟು ಮಾತ್ರ ಇನ್ನೂ ಬಂದಿರಲಿಲ್ಲ.

ಭಾನುವಾರ ಯೀಸ್ಟಿನ ಮೇಲೆ ಕುದಿಯುವ ನೀರು ಸುರಿದರು.

“ಉಗುರುಬೆಚ್ಚಗಿದ್ರೆ ಸಾಕಂತೆ, ಪ್ಯಾಕೆಟ್ ಮೇಲೆ ಬರೆದಿದೆ” ಅಂದಳು ಅಕ್ಕ.

“ಬಿಸಿ ಇದ್ದಷ್ಟೂ ಬೇಗ ಉಬ್ಬುತ್ತೆ. ನೀನು ಸುಮ್ನಿರು.”

ಹಿಟ್ಟು ಕೈಗೆ ಅಂಟಿತೆಂದು ಮತ್ತೆ ಮತ್ತೆ ಒಣಹಿಟ್ಟು ಸುರಿದರು. ಮೂರು ಗಂಟೆ ಕಾದರೂ ಉಂಡೆ ಮಿಸುಕಲಿಲ್ಲ. ಹಾಗೇ ಬೇಯಿಸಿದರು. ಬೆಂದು ಬಂದದ್ದನ್ನು ದೊಡ್ಡ ಮಗಳು ಮೇಜಿಗೆ ಕುಟ್ಟಿ ನೋಡಿ, “ಅಪ್ಪ, ಚಾಕು ಸಾಕಾ, ಗರಗಸ ತರ್ಲಾ?” ಅಂದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಭಾವನ ಲೆಕ್ಕದಲ್ಲಿ ಹಿಟ್ಟು ಹಳೆಯದು, ಓವನ್ ಮೋಸ, ಎಲ್ಲಕ್ಕಿಂತ ಹೆಚ್ಚಾಗಿ ಅಕ್ಕ ನಡುವೆ ಓವನ್ ಬಾಗಿಲು ತೆಗೆದು ಇಣುಕಿದ್ದು ತಪ್ಪು. “ನಾರಿನಂಶ ಇರೋದು ಹೀಗೇ ಇರೋದು” ಅನ್ನುತ್ತಾ ಹಟಕ್ಕೆ ಅಗಿದರು. ಸೋಮವಾರ ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕಾಯಿತು. ಹೆಂಡತಿ ಮಾಡಿದ ಅನ್ನದಲ್ಲಿ ಕಲ್ಲಿತ್ತು ಅಂದರಂತೆ ಅಲ್ಲಿ.

ಮುಂದಿನ ವಾರ ಕೈನೋವು. “ನೀನು ನಾದು, ನಾನು ಹೇಳ್ತೀನಿ” ಅಂದವರು ಹೇಳುತ್ತಲೇ ಗೊರಕೆ ಹೊಡೆದರು. ಅಕ್ಕ ಬೆಚ್ಚಗಿನ ನೀರಿನಲ್ಲಿ ಯೀಸ್ಟ್ ಕರಗಿಸಿದಳು. ಗೋಧಿಹಿಟ್ಟು ನೀರು ಕುಡಿಯಲೆಂದು ಅರ್ಧ ಗಂಟೆ ಬಿಟ್ಟಳು. ಅಂಟಿದಾಗ ಕೈ ಒದ್ದೆ ಮಾಡಿಕೊಂಡಳೇ ಹೊರತು ಹಿಟ್ಟು ಸುರಿಯಲಿಲ್ಲ. ಎರಡರಷ್ಟು ಉಬ್ಬಿದ ಮೇಲೆ ಟಿನ್ನಿಗೆ ಹಾಕಿ, ಇನ್ನೊಮ್ಮೆ ಉಬ್ಬಿಸಿ ಬೇಯಿಸಿದಳು. ಘಮಕ್ಕೆ ಎದ್ದು ಬಂದ ಭಾವ, ಆರುವ ಮೊದಲೇ ತುಂಡು ಮುರಿದು ಬಾಯಿಗೆ ಹಾಕಿಕೊಂಡು, “ನೋಡಿದ್ಯಾ, ನಾನು ಹೇಳಿದ ಹಾಗೆ ಮಾಡಿದ್ರೆ ಹೇಗೆ ಬರುತ್ತೆ” ಅಂದರು.

ಆಮೇಲೆ ಆರು ತಿಂಗಳು ಅಕ್ಕ ಬೇಯಿಸಿದಳು, ಭಾವ ತಾನು ಮಾಡಿದ್ದೆಂದು ಆಫೀಸಿನಲ್ಲಿ ಹಂಚಿದರು. ಕಡೆಗೆ ಅವರ ಸಾಹೇಬರು ಹೆಂಡತಿಯನ್ನು ಕರೆದುಕೊಂಡು ಕಲಿಯಲು ಮನೆಗೇ ಬಂದುಬಿಟ್ಟರು.

ಭಾವ ಏಪ್ರನ್ ಕಟ್ಟಿಕೊಂಡು, ಕುದಿಯುವ ನೀರಿನ ಪಾತ್ರೆ ಎತ್ತಿದರು. ನಾನು ಅಕ್ಕನ ಮುಖ ನೋಡಿದೆ. ಅವಳು ತಡೆಯಲಿಲ್ಲ, ಕುರ್ಚಿ ಎಳೆದುಕೊಂಡು ಕೂತಳು. ಒಂದೂವರೆ ಗಂಟೆ ನಾವೆಲ್ಲ ಬಟ್ಟೆ ಮುಚ್ಚಿದ ಬೋಗುಣಿ ನೋಡುತ್ತಾ ಕೂತೆವು.

“ಇವತ್ತು ಹವಾ ಸರಿಯಿಲ್ಲ” ಅಂದರು ಭಾವ.

ಸಾಹೇಬರ ಹೆಂಡತಿ ಅಕ್ಕನ ಮುಂಗೈ ಮೇಲಿದ್ದ ಸುಟ್ಟ ಗುರುತುಗಳನ್ನೇ ನೋಡುತ್ತಿದ್ದರು. “ದಿನಾ ಮಾಡೋರು ನೀವಲ್ವಾ? ನೀವೇ ತೋರಿಸಿ” ಅಂದರು.

ಅಕ್ಕ ಎದ್ದು, ಆ ಉಂಡೆಯನ್ನು ಕಸದ ಬುಟ್ಟಿಗೆ ಹಾಕಿ, ಹೊಸದಾಗಿ ಹಿಟ್ಟು ತೆಗೆದುಕೊಂಡಳು. ಅವರಿಬ್ಬರೂ ಹತ್ತಿರ ನಿಂತು ಕಲಿತರು. ಸಾಹೇಬರು ಬರೆದುಕೊಂಡರು ಕೂಡ. ಭಾವ ಏಪ್ರನ್ನಿನ ಗಂಟು ಬಿಚ್ಚಲಾಗದೆ ಬಾಗಿಲಲ್ಲಿ ತಿಣುಕುತ್ತಿದ್ದರು.

ಆ ಹೆಂಗಸಿಗೆ ನಡವಳಿಕೆ ಗೊತ್ತಿಲ್ಲ ಅಂತ ಈಗ ಅವರ ವರದಿ. ಬ್ರೆಡ್ಡು ಮಾತ್ರ ದಿನಾ ನಾಲ್ಕು ತುಂಡು ಇಳಿಯುತ್ತದೆ. ನಾಲ್ಕನೆಯದು ಮುಗಿದ ಮೇಲೆ, ಬೆರಳಿಗೆ ಹತ್ತಿದ ಬೆಣ್ಣೆ ನೆಕ್ಕುತ್ತಾ, “ಉಪ್ಪು ಒಂಚೂರು ಕಮ್ಮಿ” ಅನ್ನುತ್ತಾರೆ.