ಎರಡು ಎತ್ತುಗಳ ನಡುವಿನ ಅಂಗೈ

ದನದ ಡಾಕ್ಟರರ ಎಡಗೈಯ ನಾಲ್ಕೂ ಬೆರಳುಗಳು ಒಳಗೆ ಮಡಚಿ ಮುಷ್ಟಿಯಾಗಿಯೇ ಉಳಿದಿದ್ದವು. ಕೊನೆಗಾಲದಲ್ಲಿ ಅಂಗಿಯ ಗುಂಡಿಯನ್ನು ಒಂದೇ ಕೈಯಲ್ಲಿ ಹಾಕಿಕೊಳ್ಳುತ್ತಿದ್ದರು. ಆ ಕೈ ಹಾಗಾದ ದಿನ ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ.

ನಾನು ದನ ಸಾಗಿಸುವ ಲಾರಿಯ ಡ್ರೈವರ್. ಅಮೀನಗಡದ ಸಂತೆಯಲ್ಲಿ ಲಾರಿ ತುಂಬಿದ ಮೇಲೆ ತಪಾಸಣೆಗಿದ್ದ ಡಾಕ್ಟರು ಹಿಂಬಾಗಿಲಿನಿಂದ ಎರಡು ಎತ್ತುಗಳ ನಡುವೆ ಎಡ ಅಂಗೈಯನ್ನು ಅಡ್ಡವಾಗಿ ತೂರಿಸುತ್ತಿದ್ದರು. ಅಂಗೈ ಹೋಗದಿದ್ದರೆ ಲಾರಿ ಹೋಗುವಂತಿರಲಿಲ್ಲ. "ನಿಯಮದಾಗ ಅಳತಿ ಐತಿ. ನನಗ ಇದ ಟೇಪು," ಎನ್ನುತ್ತಿದ್ದರು.

ಒಮ್ಮೆ ಅಂಗೈ ಹೋಗದಷ್ಟು ಎತ್ತು ತುಂಬಿ, ಅವರ ಕಣ್ಣು ತಪ್ಪಿಸಿ ಹುನಗುಂದದ ಹಾದಿ ಹಿಡಿದೆ. ಬೈಕಿನಲ್ಲಿ ಬೆನ್ನಟ್ಟಿ ನಿಲ್ಲಿಸಿದರು. ಬಾಗಿಲು ತೆಗೆದರೆ ಒಂದು ಎತ್ತು ಉಳಿದವುಗಳ ಗೊರಸಿನ ಕೆಳಗೆ ಬಿದ್ದಿತ್ತು. ಪಕ್ಕೆಲುಬು ಚರ್ಮ ಹರಿದು ಹೊರಬಂದಿತ್ತು. ಒಂದು ಕಣ್ಣು ಜಜ್ಜಿಹೋಗಿತ್ತು. ಇನ್ನೂ ಜೀವ ಇತ್ತು.

"ಎತ್ತು ಹೇರಾಕ ಹಗ್ಗ ಜಗ್ಗಿದ ಕೈ ನಿಂದ. ಇದರ ತಲಿ ಹಿಡಕೊ. ಸಾಯೂತನಕ ಬಿಡಬ್ಯಾಡ."

ಡಾಕ್ಟರು ಹೇಳಿದಂತೆ ಹಿಡಿದುಕೊಂಡೆ. ನನ್ನ ಮೇಲೂ ಲಾರಿ ಮಾಲೀಕನಾದ ಸಾಹುಕಾರನ ಮೇಲೂ ಕೇಸಾಯಿತು.

ಕೇಸು ನಡೆಯುತ್ತಿರುವಾಗಲೇ, ಎತ್ತುಗಳ ನಡುವೆ ಜಾಗ ಬಿಡಬೇಕೆಂಬ ಆ ನಿಯಮ ರದ್ದಾಯಿತು. ಕೇಸೂ ಸತ್ತಿತೆಂದು ಸಾಹುಕಾರ ಸಂತೆಗೆಲ್ಲ ಕರದಂಟು ಹಂಚಿದ. ಡಾಕ್ಟರಿಗೂ ಕೊಟ್ಟ. ಅವರು ಬಾಯಿಗೆ ಹಾಕಿಕೊಂಡರು.

"ಅಂಟು ಚೊಲೊ ಹಾಕ್ಯಾರ. ಕೋರ್ಟಿನ ತಾರೀಖಿಗೆ ಬರೂದು ಮರೀಬ್ಯಾಡ್ರಿ ಸಾವ್ಕಾರ್ರ."

"ಯಾವ ತಾರೀಖ್ರಿ? ಕಾಯ್ದೇನ ಹೋತಲ್ಲ!"

"ಹೋಗಿದ್ದು ಈಗ. ಎತ್ತು ಸತ್ತಾಗ ಇತ್ತಲ್ಲ. ಅವತ್ತಿನ ತಪ್ಪಿಗೆ ಅವತ್ತಿನ ಕಾಯ್ದೆ."

ಹಾಗೆನ್ನುತ್ತಲೇ ಅವರು ಅಭ್ಯಾಸಬಲದಿಂದ ನಮ್ಮ ಲಾರಿಯೊಳಗೆ ಕೈ ತೂರಿಸಿದರು.

"ಇವತ್ತ ಯಾವ ಕಾಯ್ದೆ ಹಿಡಕೊಂಡು ಅಳೀತಿ ಲೇ ಮುದುಕಾ?" ಸಾಹುಕಾರ ಸಿಟ್ಟಿಗೆದ್ದ.

"ಇವತ್ತ ಕಾಯ್ದೆ ಇಲ್ಲ, ಖರೆ. ಎತ್ತಿಗೆ ಉಸುರು ಬೇಕಲ್ಲೋ."

ಸಾಹುಕಾರ ಕಬ್ಬಿಣದ ಬಾಗಿಲನ್ನು ಆ ಕೈಯ ಮೇಲೆ ಒದ್ದು ಮುಚ್ಚಿದ. ತೆಗೆದು ಮತ್ತೆ ಒದ್ದ. ಗೊರಸುಗಳ ಸದ್ದಿನಲ್ಲೂ ಎಲುಬು ಮುರಿದದ್ದು ಕೇಳಿಸಿತು. ಬಾಗಿಲಿನಿಂದ ರಕ್ತ ಮಣ್ಣಿಗೆ ಸುರಿಯಿತು. ನನ್ನ ಬಾಯಲ್ಲಿ ಅವನ ಕರದಂಟು ಇತ್ತು. ನಾನು ಅಲುಗಲಿಲ್ಲ.

ಹುನಗುಂದದ ಕೋರ್ಟಿಗೆ ಡಾಕ್ಟರು ಕೈಗೆ ಕಟ್ಟು ಹಾಕಿಕೊಂಡು ಬಂದರು. ನಿಯಮವೇ ಇಲ್ಲವೆಂದು ನಮ್ಮ ವಕೀಲರು ವಾದಿಸಿದರು. ನಿಯಮ ರದ್ದಾದರೆ ಅದು ಇದ್ದಾಗ ಮಾಡಿದ ಅಪರಾಧ ಅಳಿಸುವುದಿಲ್ಲ ಎಂದರು ನ್ಯಾಯಾಧೀಶರು. ಆಮೇಲೆ ನನ್ನನ್ನು ಕೇಳಿದರು. ಸಾಹುಕಾರ ನನ್ನನ್ನೇ ನೋಡುತ್ತಿದ್ದ.

"ಎತ್ತು ನಾನ ಹೇರಿದ್ದೆರಿ. ನಡಕ ಅಂಗೈ ಹೋಗತಿದ್ದಿಲ್ಲ. ಸಾವ್ಕಾರ್ರು ಡಾಕ್ಟರ ಕೈ ಮುರದಿದ್ದೂ ನೋಡೇನ್ರಿ."

ಸಾಹುಕಾರನಿಗೂ ನನಗೂ ದಂಡದ ಶಿಕ್ಷೆ ಆಯಿತು. ಹೊರಗೆ ಡಾಕ್ಟರು ಅಂದದ್ದು ಇಷ್ಟೆ: "ಕೆಲಸ ಹೋತಲ್ಲೋ ನಿಂದು. ನಡಿ, ಮೊದಲ ಉಣ್ಣೂಣು."

ಹೋದ ತಿಂಗಳು ಅವರು ತೀರಿಕೊಂಡರು. ಸಮಾಧಿಯಲ್ಲಿ ಕೂರಿಸಿ ಎಡ ಅಂಗೈಯಲ್ಲಿ ಇಷ್ಟಲಿಂಗ ಇಡುವುದು ಅವರ ಮನೆತನದ ರೂಢಿ. ಮಗ ಎಷ್ಟು ಬಿಡಿಸಿದರೂ ಬೆರಳು ಬಿಚ್ಚಲಿಲ್ಲ. ಕೊನೆಗೆ ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು ಲಿಂಗವನ್ನು ಆ ಮುಷ್ಟಿಗೆ ಒರಗಿಸಿ ಬಿಳಿ ಅರಿವೆಯಿಂದ ಕಟ್ಟಿದರು. ನಾನು ಹಿಡಿ ಮಣ್ಣು ಹಾಕಿದೆ.

ಈಗ ಬೇರೆಯವರ ಲಾರಿ ಓಡಿಸುತ್ತೇನೆ. ಸಂತೆಯಲ್ಲಿ ಯಾರೂ ಅಳೆಯುವುದಿಲ್ಲ. ಬಾಗಿಲು ಮುಚ್ಚುವ ಮುಂಚೆ ಎರಡು ಎತ್ತುಗಳ ನಡುವೆ ನನ್ನ ಎಡಗೈ ತೂರಿಸುತ್ತೇನೆ. ಹೋಗದಿದ್ದರೆ ಒಂದನ್ನು ಇಳಿಸುತ್ತೇನೆ.