ಮೂರು ವಾರ ಬಿಡಬೇಕು

ನಾನು ನಿಂತಿದ್ದು ಸವಣೂರಿನ ಹೊರಗಿನ ಒಂದು ವೀಳ್ಯದೆಲೆಯ ತೋಟದಲ್ಲಿ, ಬಾವಿಕಟ್ಟೆಗೆ ಬೆನ್ನು ಕೊಟ್ಟು, ಪೂರ್ವಕ್ಕೆ ಮುಖ ಮಾಡಿ. ಬಹಳ ವರ್ಷಗಳ ಹಿಂದೆ, ದೀಪಾವಳಿ ಕಳೆದ ಮೇಲಿನ ಒಂದು ಭಾನುವಾರ. ಸೂರ್ಯ ಹುಟ್ಟಿರಲಿಲ್ಲ, ಆದರೆ ಬಳ್ಳಿಯ ಎಲೆಗಳು ಬೇರೆ ಬೇರೆಯಾಗಿ ಕಾಣುವಷ್ಟು ಬೆಳಕಾಗಿತ್ತು. ನನ್ನ ಮುಂದೆ ನಾಲ್ಕು ಮಾರು ದೂರದಲ್ಲಿ ನಡೆದದ್ದನ್ನು ಹೇಳುತ್ತೇನೆ. ಕಂಡದ್ದನ್ನು ಕಂಡಷ್ಟೇ...

ಕಳೆದ ವಾರ ಹಾನಗಲ್ಲಿನ ಸಂತೆಯಲ್ಲಿ ಎಲೆ ಮಾರುವಾಕೆ ಒದ್ದೆ ಗೋಣಿ ಬಿಚ್ಚಿದಳು. ಹಸಿ ಎಲೆಯ ಆ ಖಾರದ ವಾಸನೆ ಮೂಗಿಗೆ ಬಡಿದಾಗ ನಾನು ಕೊಳ್ಳಬೇಕಾದ್ದನ್ನು ಮರೆತು ಅಲ್ಲೇ ನಿಂತೆ. ಪಕ್ಕದ ಮನೆಯ ನರ್ಸಬಾಯಿ ನೆನಪಾದರು.

ಓಣಿಯವರೆಲ್ಲ ಅವರನ್ನು ನರ್ಸಬಾಯಿ ಎಂದೇ ಕರೆಯುತ್ತಿದ್ದೆವು. ಗಂಡ ಬೇಗ ತೀರಿಕೊಂಡಿದ್ದರು. ಒಬ್ಬಳೇ ಮಗಳು. ಆಸ್ಪತ್ರೆಯ ಕೆಲಸ ಮುಗಿಸಿ ಬಂದ ಮೇಲೂ ಓಣಿಯ ಅರ್ಧ ಜನಕ್ಕೆ ಅವರೇ ಸೂಜಿ ಮಾಡುತ್ತಿದ್ದರು. ಅಳುವ ಹುಡುಗರಿಗೆ, "ಸುಮ್ನಿರಪಾ, ನಿನಕಿಂತಾ ಆ ಸೂಜಿನ ಹೆಚ್ಚು ಹೆದರೈತಿ" ಎನ್ನುತ್ತಿದ್ದರು. ಹುಡುಗ ಸೂಜಿಯ ಕಡೆ ನೋಡುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು.

ಆ ಮಗಳಿಗೆ ಅರ್ಧತಲೆ ನೋವು. ಹೈಸ್ಕೂಲಿನಲ್ಲಿ ನನ್ನ ಚಿತ್ರಕಲೆ ತರಗತಿಯಲ್ಲಿ ಕೂರುವಾಗಲೇ ಶುರುವಾಗಿತ್ತು. ಪಿಯುಸಿಗೆ ಹೋದ ಮೇಲೆ ಹೆಚ್ಚಾಯಿತು. ಮೊದಲು ಕಣ್ಣಿನ ಅಂಚಿನಲ್ಲಿ ಏನೋ ಮಿಂಚುತ್ತದೆ, ಆಮೇಲೆ ತಲೆಯ ಎಡಭಾಗ ಒಡೆದುಹೋಗುವಂತಾಗುತ್ತದೆ ಎನ್ನುತ್ತಿದ್ದಳು. ಅಂಥ ದಿನ ನರ್ಸಬಾಯಿ ಬೀದಿಯ ಕಿಟಕಿಗೆ ಒಂದು ಹಸಿರು ಕಂಬಳಿ ಕಟ್ಟುತ್ತಿದ್ದರು. ಕಂಬಳಿ ಕಂಡರೆ ನಮ್ಮ ಓಣಿಯಲ್ಲಿ ಯಾರೂ ಒಗ್ಗರಣೆ ಹಾಕುತ್ತಿರಲಿಲ್ಲ, ಟೀವಿಯ ದನಿ ತಗ್ಗುತ್ತಿತ್ತು. ಯಾರೂ ಹೇಳಿಕೊಟ್ಟಿದ್ದಲ್ಲ, ತಾನಾಗಿ ಬಂದ ರೂಢಿ.

ಹುಬ್ಬಳ್ಳಿಯ ಡಾಕ್ಟರು ದಿನಾ ನುಂಗುವ ಗುಳಿಗೆ ಬರೆದಿದ್ದರು. ನೋವು ಬರುವುದು ಕಡಿಮೆಯಾಯಿತು, ನಿಜ. ಆದರೆ ಹುಡುಗಿ ಮಂಕಾದಳು. ಮಾತಾಡುತ್ತಾ ಮಾತಾಡುತ್ತಾ ನಡುವೆ ಶಬ್ದ ಸಿಗದೆ ನಿಲ್ಲುತ್ತಿದ್ದಳು. ಓದಿದ್ದು ಉಳಿಯುತ್ತಿರಲಿಲ್ಲ. ಅಷ್ಟರಲ್ಲಿ ಕಾಲೇಜಿನ ಗೆಳತಿಯೊಬ್ಬಳು ಸವಣೂರಿನ ಎಲೆತೋಟದ ಚಾಚಾನ ವಿಷಯ ಹೇಳಿದಳಂತೆ: ಅರ್ಧತಲೆ ನೋವಿಗೆ ಹೊತ್ತು ಹುಟ್ಟುವ ಮೊದಲು ಮೂಗಿಗೆ ಎಲೆಯ ರಸ ಬಿಡುತ್ತಾನೆ, ನೋವು ಎಡಕ್ಕಿದ್ದರೆ ರಸ ಬಲಕ್ಕೆ.

ನಮ್ಮ ಎರಡು ಮನೆಗಳ ನಡುವೆ ಇದ್ದದ್ದು ಒಂದೇ ಗೋಡೆ. ಕೇಳಬಾರದೆಂದರೂ ಕೇಳುತ್ತಿತ್ತು.

"ನಾ ನರ್ಸ್ ಅದೇನಿ. ನನ್ನ ಮಗಳಿಗೆ ನಾ ಗಿಡಮೂಲಿಕಿ ಮಾಡಿಸಿದ್ರ ಮಂದಿ ಏನಂದಾರು?"

"ನೋಯೂದು ಮಂದಿ ತಲಿ ಅಲ್ಲವ್ವಾ."

ಮಳೆಗಾಲವೆಲ್ಲ ತಾಯಿ ಮಗಳ ಆ ಜಗಳ ಹೀಗೇ ಎದ್ದು, ಹೀಗೇ ನಿಲ್ಲುತ್ತಿತ್ತು. ಆಮೇಲೆ ಒಂದು ಸಂಜೆ ಅವರು ಹಿತ್ತಲಿನ ಗೋಡೆಯ ಮೇಲಿಂದ ನನ್ನನ್ನು ಕರೆದರು. ನನ್ನ ಹತ್ತಿರ ಆಗ ಒಂದು ಹಳೆಯ ವ್ಯಾನಿತ್ತು.

"ಮಾಸ್ತರ, ಐತವಾರ ನಿಮ್ಮ ಗಾಡಿ ಖಾಲಿ ಐತೇನ್ರಿ? ಸವಣೂರಿಗೆ ಹೋಗೂದಿತ್ತು."

"ಖಾರಾ ತರಾಕೇನ್ರಿ ಬಾಯಾರ?" ಸವಣೂರು ಖಾರಾ ತಿಂಡಿಗೆ ಹೆಸರಾದ ಊರು.

"ಖಾರಾನ ಅನ್ರಿ. ಮೂಗಿಗೆ ಹಾಕಸಾಕ."

ಚಾಚಾ ಸಣಕಲು ಮನುಷ್ಯ. ಹೆಗಲ ಮೇಲೆ ಚೌಕುಳಿ ವಸ್ತ್ರ. ಹುಡುಗಿಯನ್ನು ಒಂದು ಕಲ್ಲಿನ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂರಿಸಿ, ಹೇಳುವವರೆಗೂ ಕಣ್ಣು ತೆಗೆಯಬಾರದು ಎಂದ. ಅವನ ಸೊಸೆ ಹಿತ್ತಾಳೆ ಬಟ್ಟಲಲ್ಲಿ ರಸ ಹಿಡಿದು ಪಕ್ಕದಲ್ಲಿ ನಿಂತಳು. ನರ್ಸಬಾಯಿ ಇದ್ದದ್ದು ಮಗಳ ಬೆನ್ನ ಹಿಂದೆ.

ಅದರಲ್ಲಿ ಏನೇನಿದೆ ಎಂದು ಅವರು ಕೇಳಿದರು. ಎಲೆಯ ಚಿಗುರು, ಒಣಶುಂಠಿ ಎಂದ ಚಾಚಾ. "ಇನ್ನೊಂದೈತ್ರಿ. ಅದನ್ನ ನಮ್ಮ ಅಬ್ಬಾ ನನಗಷ್ಟ ಹೇಳ್ಯಾರ."

"ಹೇಳದಿದ್ರ ನಾ ಹಾಕಸಂಗಿಲ್ರಿ."

ಚಾಚಾ ಹೆಗಲ ವಸ್ತ್ರದಿಂದ ಕೈ ಒರೆಸಿಕೊಂಡ. ಆಮೇಲೆ ಬಾಗಿ ಅವರ ಕಿವಿಯಲ್ಲಿ ಹೇಳಿದ. ಅದೇನೆಂದು ನನಗೆ ಕೇಳಿಸಲಿಲ್ಲ. ಅವರೂ ಮುಂದೆ ಯಾರಿಗೂ ಹೇಳಲಿಲ್ಲ. ಕೇಳಿ, ಆಗಲಿ ಎಂಬಂತೆ ತಲೆಯಾಡಿಸಿದರು. ಚಾಚಾ ಒಂದು ಹತ್ತಿಯ ಬತ್ತಿಯನ್ನು ರಸದಲ್ಲಿ ಅದ್ದಿ ಹುಡುಗಿಯ ಕಡೆ ತಿರುಗಿದ್ದ. ನರ್ಸಬಾಯಿ ಅವನ ಮುಂಗೈ ಹಿಡಿದು ನಿಲ್ಲಿಸಿದರು. ಬೆರಳಿನಿಂದ ತಮ್ಮ ಮೂಗು ತೋರಿಸಿ, ತಲೆಯನ್ನು ಹಿಂದಕ್ಕೆ ಬಾಗಿಸಿದರು.

ಚಾಚಾ ಸೊಸೆಯ ಮುಖ ನೋಡಿದ. ಸೊಸೆ ನನ್ನ ಕಡೆ ನೋಡಿದಳು. ಕೊನೆಗೆ ಅವನು ನರ್ಸಬಾಯಿಯ ಬಲ ಹೊಳ್ಳೆಗೆ ಎರಡು ಹನಿ ಹಾಕಿದ.

ಅವರು ನನ್ನ ಕಡೆಗೆ ಹೊರಳಿದರು, ಮುಖವೆಲ್ಲ ಕೆಂಪಾಗಿತ್ತು. ಕಣ್ಣಿಂದ, ಮೂಗಿಂದ ನೀರು. ಸೆರಗಿನ ತುದಿಯನ್ನು ಬಾಯಿಗೆ ತುರುಕಿ ಕಚ್ಚಿ ಹಿಡಿದರು, ಕೆಮ್ಮು ಹೊರಗೆ ಬರಬಾರದೆಂದು. ನಾನು ಒಂದು ಹೆಜ್ಜೆ ಮುಂದಿಟ್ಟಾಗ ಕೈಯೆತ್ತಿ ತಡೆದರು. ಅದೇ ಕೈಯ ಬೆರಳನ್ನು ತುಟಿಗೆ ಒತ್ತಿದರು. ಹಾಗೇ ಬಹಳ ಹೊತ್ತು ನಿಂತಿದ್ದರು, ತಮ್ಮ ಮೈಯಲ್ಲಿ ಏನಾಗುತ್ತದೆಂದು ಕಾಯುತ್ತಾ... ಆಮೇಲೆ ಮುಖ ಒರೆಸಿಕೊಂಡು, ಮಗಳ ಕಿವಿಯ ಹತ್ತಿರ ಬಾಗಿ, ವಾರ್ಡಿನಲ್ಲಿ ಮಾತಾಡುವ ದನಿಯಲ್ಲಿ ಹೇಳಿದರು:

"ಉರೀತೈತಿ. ನೆತ್ತಿತನಾ ಏರಿ ಆಮ್ಯಾಲ ಇಳೀತೈತಿ. ಬಾಯಿಲೆ ಉಸರು ತಗೋ. ಬ್ಯಾಡ ಅನಿಸಿದ್ರ ಈಗ ಏಳು, ಮನಿಗೆ ಹೋಗೂಣು."

ಹುಡುಗಿ ಕಣ್ಣು ಮುಚ್ಚಿಯೇ, "ಹಾಕ್ರಿ ಚಾಚಾ" ಎಂದಳು.

ಹೊರಡುವಾಗ ಚಾಚಾ ಒಂದು ಮಾತು ಹೇಳಿದ. "ಮೂರು ವಾರ ಬಿಡಬೇಕು ಬೇಟಾ, ನಡುವ ತಪ್ಪಸಬಾರದು." ಹುಡುಗಿ ಹೂಂ ಎಂದಳು. ನರ್ಸಬಾಯಿಯೂ ಹೂಂ ಎಂದರು.

ಮುಂದಿನ ಭಾನುವಾರವೂ ಹೋದೆವು. ಆ ಎರಡು ವಾರ ಕಿಟಕಿಗೆ ಕಂಬಳಿ ಏರಲಿಲ್ಲ. ಹುಡುಗಿ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಾ ಜೋರಾಗಿ ಲೆಕ್ಕದ ಸೂತ್ರಗಳನ್ನು ಹೇಳಿಕೊಳ್ಳುವುದು ನಮಗೆ ಕೇಳುತ್ತಿತ್ತು. ಎಲೆಯೇ ಗೆದ್ದಿತು ಎಂದು ಓಣಿಯ ಹೆಂಗಸರು ಮಾತಾಡಿಕೊಂಡರು. ನರ್ಸಬಾಯಿ ಮಾತ್ರ, "ಇನ್ನೂ ನೋಡೂಣ ತಡೀರಿ" ಎನ್ನುತ್ತಿದ್ದರು.

ಮೂರನೆಯ ಭಾನುವಾರ ಬರಲಿಲ್ಲ. ಅದಕ್ಕೂ ಮೊದಲೇ ಒಂದು ಮಧ್ಯಾಹ್ನ ಕಾಲೇಜಿನಿಂದ ಹುಡುಗಿಯನ್ನು ಆಟೋದಲ್ಲಿ ಕರೆತಂದರು. ಬಲಗೈ ಜೋಮು ಹಿಡಿದಿತ್ತು. ನೀರು ಕೇಳಲು ಹೋಗಿ ಬಾಗಿಲು ಎನ್ನುತ್ತಿದ್ದಳು. ನರ್ಸಬಾಯಿ ಅಂಥ ಲಕ್ಷಣವನ್ನು ವಯಸ್ಸಾದವರಲ್ಲಿ ಕಂಡಿದ್ದರು. ಲಕ್ವ ಹೊಡೆದಿರಬಹುದೆಂದು ಹೆದರಿದರು. ನಾನು ಹುಬ್ಬಳ್ಳಿಯವರೆಗೂ ಗಾಡಿ ಓಡಿಸಿದೆ. ಹಿಂದಿನ ಸೀಟಿನಲ್ಲಿ ಅವರು ಬಿಡದೆ ಕೇಳುತ್ತಿದ್ದರು:

"ಇಲ್ಲಿ ನೋಡು. ನಾ ಯಾರು?"

ಬಂಕಾಪುರ ದಾಟುವಾಗ ಹುಡುಗಿ ಉತ್ತರ ಕೊಟ್ಟಳು. "ನರ್ಸಬಾಯಿ."

ಅದು ಅವಳ ಎಂದಿನ ಚೇಷ್ಟೆಯೋ, ತಲೆಯಲ್ಲಿ ಏನಾದರೂ ಕೆಟ್ಟಿದೆಯೋ, ತಾಯಿಗೆ ತಿಳಿಯಲಿಲ್ಲ. ಕನ್ನಡಿಯಲ್ಲಿ ನನಗೆ ಅವರ ಮುಖ ಕಂಡಿತು... ಅದನ್ನು ಬರೆಯಲು ನನಗೆ ಬರುವುದಿಲ್ಲ.

ಸಂಜೆಯ ಹೊತ್ತಿಗೆ ಮಾತು ಸರಿಯಾಯಿತು, ಕೈಯ ಜೋಮು ಇಳಿಯಿತು. ಇದು ಅರ್ಧತಲೆ ನೋವಿನದೇ ಒಂದು ಬಗೆ, ಬೇರೆ ಏನಲ್ಲ ಎಂದರು ಡಾಕ್ಟರು. ಹುಡುಗಿಯನ್ನು ವಿಚಾರಿಸಿ, ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಿದ್ದು ಯಾಕೆ ಎಂದು ಕೇಳಿದರು. ನರ್ಸಬಾಯಿ ಮಗಳ ಕಡೆ ತಿರುಗಿದರು. ಮಗಳು ದೊಡ್ಡವಳಾದಳೆಂದು ಗುಳಿಗೆಯ ಡಬ್ಬಿಯನ್ನು ಅವಳ ಕೈಗೇ ಕೊಟ್ಟಿದ್ದರು.

"ಚಾಚಾ ಮೂರು ವಾರ ಬಿಡಬೇಕು ಅಂದ್ರಲ್ಲವ್ವಾ. ನೀನೂ ಹೂಂ ಅಂದಿ."

ನಮ್ಮ ಮಾತೇ ಹಾಗೆ. ಕಣ್ಣಿಗೆ ಔಷಧದ ಹನಿ ಹಾಕುವುದೂ ಬಿಡುವುದೇ, ಚಟ ನಿಲ್ಲಿಸುವುದೂ ಬಿಡುವುದೇ. ತಾಯಿ ಒಂದು ಕೇಳಿಸಿಕೊಂಡಿದ್ದರು, ಮಗಳು ಇನ್ನೊಂದು. ಇಬ್ಬರೂ ಹೂಂ ಎಂದಿದ್ದರು. ತಾಯಿಯಿಂದ ಅವಳು ಏನನ್ನೂ ಮುಚ್ಚಿಟ್ಟಿರಲಿಲ್ಲ. ತಾಯಿ ಒಪ್ಪಿದ್ದಾರೆಂದೇ ತಿಳಿದಿದ್ದಳು.

ನರ್ಸಬಾಯಿ ಬೈಯಲಿಲ್ಲ. ಮಂಚದ ಅಂಚಿನಲ್ಲಿ ಕೂತು ಒಂದು ಪ್ರಶ್ನೆ ಕೇಳಿದರು. "ಆ ಎರಡು ವಾರ ಹೆಂಗಿತ್ತು?"

"ತಲಿ ನಂದಾಗಿತ್ತವ್ವಾ."

ಅವರು ಎದ್ದು ಹೋಗಿ ಡಾಕ್ಟರ ಕೋಣೆಯಲ್ಲಿ ಬಹಳ ಹೊತ್ತು ಕೂತರು. ಗುಳಿಗೆ ಬದಲಾಯಿತು. ಹೊಸದು ಅವಳನ್ನು ಅಷ್ಟು ಮಂಕು ಮಾಡಲಿಲ್ಲ. ನೋವು ಪೂರ್ತಿ ಹೋಗಲಿಲ್ಲ. ಆ ಎರಡು ವಾರದ ಹಗುರ ಎಲೆಯಿಂದ ಬಂದದ್ದೋ, ಗುಳಿಗೆ ನಿಂತದ್ದರಿಂದಲೋ, ಸುಮ್ಮನೆ ಬಂದದ್ದೋ, ನನಗೆ ಗೊತ್ತಿಲ್ಲ.

ಹುಡುಗಿ ಸುಧಾರಿಸಿದ ಮೇಲೆ ನಾವಿಬ್ಬರೇ ಸವಣೂರಿಗೆ ಹೋದೆವು. ಜಗಳವಾಗುತ್ತದೆ ಎಂದುಕೊಂಡಿದ್ದೆ. ನಡೆದದ್ದನ್ನು ಕೇಳಿ ಚಾಚಾ ಬಾವಿಕಟ್ಟೆಯ ಮೇಲೆ ಕುಸಿದು ಕೂತ. "ನಮ್ಮ ಮನಿ ಮಾತಿನ್ಯಾಗ ಹಾಕೂದಕ್ಕ ಡಾಲೋ, ನಿಲ್ಲಸೂದಕ್ಕ ಛೋಡೋ, ಬ್ಯಾರೆ ಬ್ಯಾರೆ ಐತ್ರಿ. ನಿಮ್ಮ ಕನ್ನಡದಾಗ ಎರಡಕ್ಕೂ ಬಿಡು ಅಂತೀರಿ. ನಾ ಏನ್ಮಾಡ್ಲಿ?"

"ನಮ್ಮ ಕನ್ನಡದ್ದ ತಪ್ಪು, ಬಿಡ್ರಿ ಚಾಚಾ," ಎಂದರು ನರ್ಸಬಾಯಿ. ಎಂದವರು ತಾವೇ ಆ ಮಾತು ಕೇಳಿ ನಕ್ಕುಬಿಟ್ಟರು, ಅವನೂ ನಕ್ಕ. ಆಮೇಲೆ ಗಂಭೀರವಾಗಿ, "ಇನ್ನ ಮ್ಯಾಲ 'ಹನಿ ಹಾಕಬೇಕು' ಅನ್ರಿ. ಗುಳಿಗಿ ನುಂಗವ್ರು ಬಂದ್ರ ಡಾಕ್ಟರ್ನ ಕೇಳಿ ಬರ್ರಿ ಅಂತ ಕಳಸ್ರಿ" ಎಂದರು.

ನರ್ಸಬಾಯಿ ತೀರಿಕೊಂಡು ಎರಡು ವರ್ಷವಾಗುತ್ತ ಬಂತು. ಮಣ್ಣಿಗೆ ಬಂದವರಲ್ಲೂ ಒಬ್ಬರಿಬ್ಬರು ಹೇಳಿದರು: ನರ್ಸ್ ಆಗಿ ಮಗಳ ಮೂಗಿಗೆ ಸೊಪ್ಪಿನ ರಸ ಹಾಕಿಸಿದ್ದಳು, ಹುಡುಗಿ ಉಳಿದದ್ದೇ ಪುಣ್ಯ, ಎಂದು.

ಸಂತೆಯಲ್ಲಿ ಆ ವಾಸನೆ ಬಂದ ದಿನವೇ ನಾನು ತಿಳವಳ್ಳಿಯ ಬಸ್ಸು ಹತ್ತಿದೆ. ನರ್ಸಬಾಯಿಯ ಮಗಳು ಈಗ ಅಲ್ಲಿ ಗಣಿತ ಕಲಿಸುತ್ತಾಳೆ. ಚಹಾ ಕೊಟ್ಟಳು. ಮಾತು ತಾಯಿಯ ಕಡೆಗೆ ಹೊರಳಿತು.

"ಅವ್ವ ಅವತ್ತ ಸೋತು ಹೂಂ ಅಂದಳ್ರಿ ಕಾಕಾ. ನಾ ಹಟಾ ಮಾಡಿ ಸೋಲಿಸಿದೆ. ಆಕಿಗೆ ಆ ರಸದ ಮ್ಯಾಲ ನಂಬಿಕಿನ ಇರಲಿಲ್ಲ. ಒಂದೆರಡು ಮಾತು ಕೇಳಿ ಸುಮ್ನ ಹಿಂದ ನಿಂತಿದ್ಲು."

ನಾನು ಚಹಾದ ಬಟ್ಟಲು ಕೆಳಗಿಟ್ಟು, ಅವಳ ಬೆನ್ನ ಹಿಂದೆ ಕಂಡದ್ದನ್ನು ಹೇಳಿದೆ. ಮುಗಿದ ಮೇಲೆ ಕೇಳಿದಳು:

"ಯಾವ ಕಡೀಗೆ ಹಾಕಿದ್ರು?"

"ಬಲಕ್ಕ. ನಿನಗ ಹಾಕಿದ ಕಡೀಗೇ."

"ಕೆಮ್ಮಿದ್ದು ಕೇಳಲೇ ಇಲ್ರಿ."

"ಕೆಮ್ಮಲಿಲ್ಲ. ಸೆರಗು ಕಚ್ಚಿ ಹಿಡಿದಿದ್ರು."

ಅವಳು ಎದ್ದು ಒಳಗೆ ಹೋದಳು. ನಾನು ಬಹಳ ಹೊತ್ತು ಕಾದೆ... ಕೊನೆಗೆ ಹೊರಗೆ ಬಂದವಳು ಕೇಳಿದ್ದು ಒಂದೇ: ಇದನ್ನು ನೋಡಿದವರು ಬೇರೆ ಯಾರಾದರೂ ಇದ್ದಾರೆಯೇ?

ಚಾಚಾ ಇಲ್ಲ. ನರ್ಸಬಾಯಿ ಇಲ್ಲ. ಬಟ್ಟಲು ಹಿಡಿದಿದ್ದ ಸೊಸೆ ಇದ್ದಾಳೆ, ಸವಣೂರಿನಲ್ಲೇ, ಈಗ ಅವಳ ಕೂದಲೂ ನರೆತಿದೆ. ಮತ್ತು ನಾನು.