ತ್ಯಾಂಪಣ್ಣನ ಪೆನ್ಸಿಲು, ಸೇವಂತಿಯ ಮುಖ

ಬೆಟ್ಟಂಪಾಡಿಯ ಮನೆಯಲ್ಲಿ ಅಪ್ಪ ತಲೆ ಬಗ್ಗಿಸಿ ದುಡಿ ಅಂದರೆ ತ್ಯಾಂಪಣ್ಣ ಒಪ್ಪಿದ. ಆದರೆ ಬಗ್ಗಿಸಿದ ತಲೆಯನ್ನು ಗದ್ದೆಯ ಬದಲು ಕ್ಯಾಮರಾದ ಕಪ್ಪು ಬಟ್ಟೆಯೊಳಗೆ ಹಾಕಿದ. ಮಂಗಳೂರಿನಲ್ಲಿ ನಾಲ್ಕು ವರ್ಷ ಕೆಲಸ ಕಲಿತು ಐವತ್ತಮೂರನೆಯ ಇಸವಿಯಲ್ಲಿ ಪುತ್ತೂರಿನ ದರ್ಬೆಗೆ ಬಂದು ಸ್ಟುಡಿಯೋ ತೆರೆದ. ಮಾಡಿನ ಒಂದು ಬದಿಯ ಹಂಚು ತೆಗೆಸಿ ಗಾಜಿನ ಹಂಚು ಹೊದಿಸಿದ. ಕರೆಂಟನ್ನು ಅವನು ನಂಬುತ್ತಿರಲಿಲ್ಲ. “ನನ್ನ ಲೈಟಿನವ ಬೆಳಿಗ್ಗೆ ಆರಕ್ಕೇ ಬರ್ತಾನೆ. ಮಳೆಗಾಲದಲ್ಲಿ ಮಾತ್ರ ಸ್ವಲ್ಪ ರಜೆ ಜಾಸ್ತಿ,” ಎನ್ನುತ್ತಿದ್ದ.

ಕರೆದಲ್ಲಿಗೆಲ್ಲ ಹೋಗುತ್ತಿದ್ದ. ಮದುವೆಯ ಗ್ರೂಪು, ಶಾಲೆಯ ಗ್ರೂಪು, ಹೊಸದಾಗಿ ಗೆದ್ದ ಪಂಚಾಯತು ಅಧ್ಯಕ್ಷರು. ಬದುಕಿರುವಾಗ ಪಟ ತೆಗೆಸಲು ಹೆದರಿದ ಹಿರಿಯರನ್ನು ಸತ್ತ ಮೇಲೆ ಕುರ್ಚಿಯಲ್ಲಿ ಕೂರಿಸಿ ತೆಗೆಯುವುದೂ ಇತ್ತು. ಅಲ್ಲಾಡಬೇಡಿ ಎಂದು ಹೇಳಿಸಿಕೊಳ್ಳದ ಗಿರಾಕಿಗಳೆಂದರೆ ಅವರು ಮಾತ್ರ.

ಆದರೆ ತ್ಯಾಂಪಣ್ಣನಿಗೆ ಹೆಸರು ತಂದದ್ದು ಹೆಣ್ಣು ತೋರಿಸುವ ಪಟ. ಕಡಬ, ಸುಳ್ಯದ ಕಡೆಯಿಂದೆಲ್ಲ ಮದುವೆಯ ವಯಸ್ಸಿನ ಹುಡುಗಿಯರನ್ನು ಬಸ್ಸಿನಲ್ಲಿ ಕರೆತರುತ್ತಿದ್ದರು. ಹೆಂಡತಿ ವಸುಮತಿ ಅವರ ತಲೆ ಬಾಚಿ, ಸೀರೆಯ ನೆರಿಗೆ ಸರಿಮಾಡಿ, ಸ್ಟುಡಿಯೋದ್ದೇ ಒಂದು ಕೈಗಡಿಯಾರ ಕಟ್ಟುತ್ತಿದ್ದಳು. ಅದು ನಡೆಯುತ್ತಿರಲಿಲ್ಲ. ಏಳೆಂಟು ವರ್ಷಗಳಲ್ಲಿ ಆ ತಾಲೂಕಿನ ಎಲ್ಲ ಮದುವೆಗಳೂ ನಾಲ್ಕೂ ಇಪ್ಪತ್ತಕ್ಕೇ ಕೂಡಿಬಂದವು.

ನಿಜವಾದ ಕೆಲಸ ಆಮೇಲೆ. ನೆಗೆಟಿವನ್ನು ಗಾಜಿನ ಮೇಜಿನ ಮೇಲಿಟ್ಟು, ಅಡಿಯಿಂದ ಕನ್ನಡಿಯ ಬೆಳಕು ಹಾಯಿಸಿ, ಸೂಜಿಯ ಹಾಗೆ ಚೂಪು ಮಾಡಿದ ಪೆನ್ಸಿಲಿನಿಂದ ಮುಖದ ಒಂದೊಂದು ಗುಳಿಗೂ ಚುಕ್ಕೆ ಇಡುತ್ತಿದ್ದ. ಅಚ್ಚು ಹಾಕಿದಾಗ ಗುಳಿಯಿಲ್ಲ, ಮೊಡವೆಯಿಲ್ಲ, ಮೂಗಿನ ಪಕ್ಕದ ಸುಕ್ಕಿಲ್ಲ. ಪಾದ್ರಿಗಳ ಹತ್ತಿರ ಹೋದರೆ ಪಾಪ ಮಾತ್ರ ಹೋಗುತ್ತದೆ, ತ್ಯಾಂಪಣ್ಣನ ಹತ್ತಿರ ಹೋದರೆ ಸಿಡುಬೂ ಹೋಗುತ್ತದೆ ಎಂದು ಊರಿನಲ್ಲಿ ಮಾತಿತ್ತು. ಕಲೆ ಅಳಿಸುವುದೇ ಅವನ ಕಲೆ.

ಸೋಮವಾರ ಮಾತ್ರ ಮಧ್ಯಾಹ್ನದವರೆಗೆ ಸ್ಟುಡಿಯೋ ಮುಚ್ಚಿರುತ್ತಿತ್ತು. ಅಂದು ಪುತ್ತೂರು ಸಂತೆ. ತ್ಯಾಂಪಣ್ಣ ಕ್ಯಾಮರಾ ಹೊತ್ತು ಹೋಗಿ ತನಗೆ ಬೇಕಾದ ಮುಖ ಹುಡುಕುತ್ತಿದ್ದ. ಒಣಮೀನಿನ ಅಲಿ ಕುಂಞಿ, ಮಡಕೆ ಮಾರುವ ಅಪ್ಪಿ, ಮೂಟೆ ಹೊರುವವರು. ಆ ಪಟಗಳಿಗೆ ಪೆನ್ಸಿಲ್ ತಾಗಿಸುತ್ತಿರಲಿಲ್ಲ. ದೊಡ್ಡದಾಗಿ ಅಚ್ಚು ಹಾಕಿ ಒಳಕೋಣೆಯ ಗೋಡೆಗೆ ಅಂಟಿಸಿ, ಬೀಡಿ ಹಚ್ಚಿಕೊಂಡು ನೋಡುತ್ತ ಕೂರುತ್ತಿದ್ದ. “ಹೊರಗಿನದ್ದು ಹೊಟ್ಟೆಗೆ, ಒಳಗಿನದ್ದು ಮನಸ್ಸಿಗೆ,” ಎಂದು ವಸುಮತಿಗೆ ಹೇಳಿದರೆ, “ಮನಸ್ಸಿಗೆ ಒಣಮೀನೇ ಆಗಬೇಕಾ?” ಎಂದು ಅವಳು ಕೇಳುತ್ತಿದ್ದಳು.

ಅರುವತ್ತೊಂದರ ಫೆಬ್ರವರಿಯಲ್ಲಿ ಸುಳ್ಯದ ಕಡೆಯ ಕುಕ್ಕಪ್ಪ ಗೌಡರು ತಂಗಿ ಸೇವಂತಿಯನ್ನು ಕರೆದುಕೊಂಡು ಎರಡನೆಯ ಸಲ ಬಂದರು. ಆರು ತಿಂಗಳ ಹಿಂದೆ ತೆಗೆಸಿದ್ದ ಪಟದ ಇನ್ನೂ ಎರಡು ಪ್ರತಿ ಬೇಕಿತ್ತು.

“ಮೊದಲಿನದ್ದು ಫಸ್ಟ್ ಕ್ಲಾಸ್ ಆಗಿತ್ತು ಮಾರಾಯ್ರೆ. ಕಡಬದವರು ಪಟ ನೋಡಿದವರೇ ಮರುದಿನ ಹೊರಟು ಬಂದರು.”

“ಮತ್ತೆ? ಕೂಡಿಬಂತಾ?”

“ಬಂದರು, ಹೋದರು,” ಎಂದು ಕುಕ್ಕಪ್ಪ ಗೌಡರು ಚುಟುಕಾಗಿ ಮುಗಿಸಿ, ಎದುರಿನ ಹೋಟೆಲಿಗೆ ಚಾ ಕುಡಿಯಲು ಹೋದರು.

ಉಳಿದದ್ದನ್ನು ಸೇವಂತಿ ಹೇಳಿದಳು. ಏಳನೆಯ ವರ್ಷದಲ್ಲಿ ಸಿಡುಬು ಬಂದು ಬಿಟ್ಟುಹೋದ ಮುಖ ಅವಳದು. ಕೆನ್ನೆ, ಹಣೆಗಳ ತುಂಬ ಗುಳಿ.

“ನಾನು ಕಾಫಿ ತಂದಿಟ್ಟೆ. ಹುಡುಗನ ಮಾವ ಕನ್ನಡಕ ಹಾಕಿ ಪಟ ನೋಡಿದರು. ನನ್ನನ್ನು ನೋಡಿದರು. ‘ಕಾಫಿ ಆಯ್ತು, ಇನ್ನು ಹುಡುಗಿಯನ್ನು ಕರೆಯಿರಿ’ ಹೇಳಿದರು. ಅಣ್ಣ ಎಂತ ಹೇಳುದು? ಇವಳೇ ಹುಡುಗಿ ಅಂದ. ಅವರು ಪಟವನ್ನು ಮಗುಚಿ ಹಿಂದೆ ನಿಮ್ಮ ಸ್ಟುಡಿಯೋದ ಮುದ್ರೆ ನೋಡಿದರು.”

ಇಷ್ಟು ವರ್ಷ ತ್ಯಾಂಪಣ್ಣ ಪಟ ಒಪ್ಪಿಗೆಯಾಯಿತೇ ಎಂದು ಕೇಳಿದ್ದನೇ ಹೊರತು, ಪಟ ನೋಡಿ ಬಂದವರು ಹುಡುಗಿಗೆ ಏನೆಂದರು ಎಂದು ಕೇಳಿರಲಿಲ್ಲ.

ವಸುಮತಿ ಬಾಚಣಿಗೆ ತರಲು ಒಳಕೋಣೆಗೆ ಹೋದಾಗ ಸೇವಂತಿಯೂ ಹಿಂದೆ ಹೋದಳು. ಗೋಡೆಯಲ್ಲಿ ಅಲಿ ಕುಂಞಿ ನಗುತ್ತಿದ್ದ. ಅವನ ಮುಖದಲ್ಲೂ ಸಿಡುಬಿನ ಗುಳಿಗಳು. ಬದಿಯಿಂದ ಬಿದ್ದ ಬೆಳಕಿನಲ್ಲಿ ಒಂದೊಂದನ್ನೂ ಎಣಿಸಬಹುದಿತ್ತು. ಆದರೂ ನೋಡಿದವರ ಕಣ್ಣು ಹೋಗುತ್ತಿದ್ದದ್ದು ನಗುವಿನ ಕಡೆಗೆ.

“ಇವರಿಗೆ ಪೆನ್ಸಿಲ್ ಸಾಕಾಗಲಿಲ್ಲವಾ?” ಸೇವಂತಿ ಕೇಳಿದಳು.

“ಅದು ನನ್ನ ಖುಷಿಗೆ ತೆಗೆದದ್ದು ತಂಗಿ,” ಎಂದ ಹಿಂದೆಯೇ ಬಂದ ತ್ಯಾಂಪಣ್ಣ.

“ಹಾಗಾದರೆ ನನ್ನದು ಯಾರ ಖುಷಿಗೆ?”

ತ್ಯಾಂಪಣ್ಣ ಜೇಬಿನಿಂದ ಬೀಡಿ ತೆಗೆದು, ಹಚ್ಚದೆ ಮತ್ತೆ ಜೇಬಿಗೇ ಹಾಕಿದ.

“ನನ್ನನ್ನೂ ಹೀಗೇ ತೆಗೆಯಿರಿ,” ಎಂದಳು ಅವಳು. “ಬೇಡ ಹೇಳುವವರು ಪಟ ನೋಡಿಯೇ ಬೇಡ ಹೇಳಲಿ. ಮನೆಯವರೆಗೆ ಬಂದು ನನ್ನ ಎದುರು ನನ್ನನ್ನೇ ಹುಡುಕುದು ಬೇಡ.”

ತ್ಯಾಂಪಣ್ಣ ಅವಳನ್ನು ಗಾಜಿನ ಹಂಚಿನ ಅಡಿಯಲ್ಲಿ ಕೂರಿಸಿದ. ಪ್ಲಾಸ್ಟಿಕ್ ಹೂವಿನ ಕುಂಡ ಸರಿಸಿದ. ವಸುಮತಿ ಅಭ್ಯಾಸಬಲದಿಂದ ಕೈಗಡಿಯಾರ ಹಿಡಿದು ಬಂದವಳು ಹಾಗೇ ವಾಪಸು ಹೋದಳು. “ಎಲ್ಲಿ ನೋಡುದು?” ಎಂದು ಸೇವಂತಿ ಕೇಳಿದಾಗ, “ನಿನ್ನನ್ನು ನೋಡಲು ಬಂದವರನ್ನು ನೋಡು,” ಎಂದ. ಅವಳು ನೋಡಿದಳು. ಕಪ್ಪು ಬಟ್ಟೆಯೊಳಗಿದ್ದವನಿಗೇ ಒಮ್ಮೆ ಹಿಂದೆ ಸರಿಯೋಣ ಅನಿಸಿತು.

ಆಮೇಲೆ ಅವಳ ಹಳೆಯ ನೆಗೆಟಿವ್ ಹುಡುಕಿ ತಂದು, ಹತ್ತಿಯನ್ನು ಟರ್ಪೆಂಟೈನಿನಲ್ಲಿ ಅದ್ದಿ ಅವಳ ಕೈಗೇ ಕೊಟ್ಟ. “ಉಜ್ಜು. ಮೆಲ್ಲಗೆ.”

ಎರಡು ಹಗಲು ಕೂತು ಪೆನ್ಸಿಲಿನಿಂದ ಇಟ್ಟ ಚುಕ್ಕೆಗಳು. ಹತ್ತಿ ಕಪ್ಪಾಯಿತು. ಬಾಗಿಲಲ್ಲಿ ಕುಕ್ಕಪ್ಪ ಗೌಡರು ನಿಂತದ್ದು ಆಗಲೇ.

“ಎಂತ ಮಾಡ್ತಾ ಇದ್ದೀರಿ?”

“ಮುಖ ತೊಳೀತಾ ಇದ್ದಾಳೆ,” ಎಂದ ತ್ಯಾಂಪಣ್ಣ.

“ತಲೆ ಸರಿ ಉಂಟಾ ನಿಮಗೆ? ನಾನು ಹಣ ಕೊಟ್ಟು ತೆಗೆಸಿದ ಪಟ! ಇನ್ನು ಯಾರು ಬರ್ತಾರೆ ಇವಳನ್ನು ನೋಡ್ಲಿಕ್ಕೆ?”

“ಗೌಡ್ರೆ, ನನ್ನ ಪಟ ಚಂದ ಉಂಟು ಅಂತ ನೀವು ಹೇಳಿದ್ರಿ. ಪಟವನ್ನು ಮದುವೆ ಆಗುವವ ಸಿಕ್ಕಿದರೆ ಹಳೆಯದನ್ನೇ ಕೊಡಿ. ತಂಗಿಯನ್ನು ಮದುವೆ ಆಗುವವ ಬೇಕಾದರೆ ನಾನು ಇವತ್ತು ತೆಗೆದದ್ದನ್ನು ಕೊಡಿ. ಮುದ್ರೆ ಇದಕ್ಕೆ ಮಾತ್ರ ಒತ್ತುದು.”

“ಬೇರೆ ಸ್ಟುಡಿಯೋ ಇಲ್ವಾ ಊರಲ್ಲಿ?”

“ಉಂಟು. ನಾನು ಬರುದಿಲ್ಲ,” ಎಂದಳು ಸೇವಂತಿ. “ಅಣ್ಣ, ಅವತ್ತು ಅವರು ಹೋದ ಮೇಲೆ ಆ ಕಾಫಿ ಲೋಟ ತೊಳೆದದ್ದು ನಾನು. ನೀನಲ್ಲ.”

ಕುಕ್ಕಪ್ಪ ಗೌಡರು ತಂಗಿಯನ್ನು ನೋಡಿದರು. ಬಸ್ಸಿಗೆ ಹೊತ್ತಾಯಿತು ಎಂದು ಗೊಣಗಿ ಕೊಡೆ ತೆಗೆದುಕೊಂಡರು.

ಹೊಸ ಪಟದ ಮೂರು ಪ್ರತಿ ಮೂರು ಮನೆಗಳಿಗೆ ಹೋದವು. ಎರಡು ಮನೆಯವರು ಜಾತಕ ಕೂಡುವುದಿಲ್ಲವೆಂದು ಬರೆದು ಟಪಾಲಿನಲ್ಲಿ ಹಿಂದಿರುಗಿಸಿದರು. ಜಾತಕ ಇನ್ನೂ ಕಳುಹಿಸಿಯೇ ಇರಲಿಲ್ಲ. ಸೇವಂತಿ ಕಾಗದಗಳನ್ನು ಒಲೆಗೆ ಹಾಕಿ, ಪಟಗಳನ್ನು ಒರೆಸಿ ಇಟ್ಟಳು. ಯಾರಿಗೂ ಕಾಫಿ ಕಾಸಬೇಕಾಗಲಿಲ್ಲ.

ಮೂರನೆಯ ಪಟ ಹಿಂದೆ ಬರಲಿಲ್ಲ. ಅದರ ಬದಲು ಅಚ್ಚುತ ಬಂದ. ಪ್ರಾಥಮಿಕ ಶಾಲೆಯ ಮೇಷ್ಟ್ರು, ತೆಳ್ಳಗಿನ ಮನುಷ್ಯ, ಅಂಗಳದಲ್ಲೇ ಸೇವಂತಿಯ ಗುರುತು ಹಿಡಿದು, “ಪಟದಲ್ಲಿ ಇದ್ದದ್ದಕ್ಕಿಂತ ಸಿಟ್ಟು ಕಡಿಮೆ ಉಂಟು,” ಎಂದ. ಮಾತುಕತೆ ಅಲ್ಲಿಗೇ ಅರ್ಧ ಮುಗಿಯಿತು.

ಮದುವೆಗೆ ತ್ಯಾಂಪಣ್ಣನೇ ಕ್ಯಾಮರಾ ಹೊತ್ತು ಹೋದ. ಹದಿನೈದು ದಿನ ಬಿಟ್ಟು ಗಂಡಹೆಂಡತಿ ಪಟ ಒಯ್ಯಲು ದರ್ಬೆಗೆ ಬಂದರು. ಅಚ್ಚುತ ತುಂಬ ಹೊತ್ತು ಅದನ್ನು ಹತ್ತಿರ, ದೂರ ಹಿಡಿದು ನೋಡಿದ. ಆಮೇಲೆ ತ್ಯಾಂಪಣ್ಣನನ್ನು ಪಕ್ಕಕ್ಕೆ ಕರೆದ.

“ಇವಳದ್ದು ಹೀಗೇ ಇರಲಿ, ಚಂದ ಬಂದಿದೆ. ನನ್ನ ಕಿವಿ ಮಾತ್ರ... ಸ್ವಲ್ಪ ಒಳಗೆ ತರ್ಲಿಕ್ಕೆ ಆಗುದಾ? ಪೆನ್ಸಿಲಿನಲ್ಲಿ ಎಂತದೋ ಮಾಡ್ತೀರಂತಲ್ಲ ನೀವು?”

ತ್ಯಾಂಪಣ್ಣ ಸೇವಂತಿಯ ಕಡೆ ತಿರುಗಿದ. ಅವಳು ಆಗಲೇ ಪಟವನ್ನು ಗಂಡನ ಕೈಯಿಂದ ತೆಗೆದು ಸೆರಗಿನಲ್ಲಿ ಸುತ್ತುತ್ತಿದ್ದಳು.

“ಬೇಡ. ನಾನು ಈ ಕಿವಿ ನೋಡಿಯೇ ಒಪ್ಪಿದ್ದು.”